ಉಮಾಶ್ರೀ: ಪಾತ್ರವೈವಿಧ್ಯ ಮತ್ತು ತುಮಕೂರು ಸೀಮೆ

ಉಮಾಶ್ರೀ (ಜನನ: 10 ಮೇ 1957) ಕನ್ನಡ ರಂಗಭೂಮಿ, ಚಲನಚಿತ್ರ ಹಾಗೂ ಕಿರುತೆರೆಯ ಹಿರಿಯ ಕಲಾವಿದೆ; ರಾಜ್ಯದ ಮಾಜಿ ಸಚಿವೆ. ಹುಟ್ಟೂರು ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆ. ಹವ್ಯಾಸಿ ನಾಟಕಗಳಿಂದ ಬಂದು, ಎಂಬತ್ತು–ತೊಂಬತ್ತರ ದಶಕಗಳಲ್ಲಿ ಹಾಸ್ಯನಟಿಯಾಗಿ ಮನೆಮಾತಾದ ಇವರು ತಾಯಿ, ಅಜ್ಜಿ, ಸೂಲಗಿತ್ತಿ, ಕುಣಿ ತೋಡುವವನ ಹೆಂಡತಿ ಮುಂತಾದ ಪಾತ್ರಗಳ ಮೂಲಕ ಕನ್ನಡ ತೆರೆಯ ಮೇಲೆ ದುಡಿಯುವ ಹೆಣ್ಣಿಗೆ ಒಂದು ಘನತೆಯ ಜಾಗ ದೊರಕಿಸಿದರು. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಚಿತ್ರದ ಅಭಿನಯಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಈ ಲೇಖನ ಇವರ ಮುಖ್ಯ ಪಾತ್ರಗಳನ್ನೂ, ತುಮಕೂರು ಜಿಲ್ಲೆಯ, ವಿಶೇಷವಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬದುಕಿಗೂ ತೆರೆಯ ಈ ಹೆಣ್ಣುಗಳಿಗೂ ಇರುವ ನಂಟನ್ನೂ ಪರಿಚಯಿಸುತ್ತದೆ.

ಸೀಮೆ ಮತ್ತು ಪರಂಪರೆ

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ತೆಂಗಿನ ತೋಟಗಳ ತಿಪಟೂರು, ತುರುವೇಕೆರೆ ಒಂದು ಕಡೆಯಾದರೆ, ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಇನ್ನೊಂದು ಕಡೆ. ಈ ನಾಲ್ಕು ತಾಲ್ಲೂಕುಗಳದು ಬಹುಪಾಲು ಮಳೆ ನಂಬಿದ ಬದುಕು; ಬಂಡೆಬೆಟ್ಟಗಳು, ಕೆರೆಗಳು, ಕಡಲೆಕಾಯಿ ಹೊಲಗಳು. ಮೂರು ದಿಕ್ಕಿಗೂ ಆಂಧ್ರವನ್ನು ತಗುಲಿಸಿಕೊಂಡಿರುವ ಪಾವಗಡದಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ನೆಲೆ. ಅಲ್ಲಿ ಗಣೆಯ ನಾದದೊಂದಿಗೆ ಜುಂಜಪ್ಪನ ಕಾವ್ಯ ತಲೆಮಾರುಗಳಿಂದ ಹರಿದುಬಂದಿದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ಸುತ್ತಲ ಹಳ್ಳಿಗಳನ್ನೆಲ್ಲ ಒಂದೆಡೆ ಸೇರಿಸುತ್ತದೆ.

ಈ ಜಿಲ್ಲೆ ಮೂಡಲಪಾಯ ಯಕ್ಷಗಾನದ ನೆಲೆಯೂ ಹೌದು. ಅಲ್ಲಿ ಹೆಣ್ಣುಪಾತ್ರವನ್ನು ಕಟ್ಟುತ್ತಿದ್ದವರು ಗಂಡಸರೇ. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರುವಂತಾದದ್ದರಲ್ಲಿ ಇದೇ ಜಿಲ್ಲೆಯ ಗುಬ್ಬಿ ಕಂಪನಿಯ ಪಾಲು ದೊಡ್ಡದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, ಬಿ. ಜಯಮ್ಮನಂಥ ನಟಿಯರನ್ನು ರಂಗಕ್ಕೂ ತೆರೆಗೂ ಕೊಟ್ಟಿತು. ಜಯಮ್ಮ 'ಹೇಮರೆಡ್ಡಿ ಮಲ್ಲಮ್ಮ' (1945) ಚಿತ್ರದ ನಾಯಕಿ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಟಿ.ಎಸ್. ನಾಗಾಭರಣರ 'ನಾಗಮಂಡಲ' (1997) ಚಿತ್ರದಲ್ಲಿ ಕುರುಡವ್ವನಾಗಿ ಎಂದೂ ಮರೆಯದಂತೆ ನಟಿಸಿದರು.

ಇದೇ ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ ಹುಟ್ಟಿದ ಮಂಜುಳಾ ಎಪ್ಪತ್ತರ ದಶಕದ ಜನಪ್ರಿಯ ನಾಯಕಿ. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ಸಿರಿವಂತಿಕೆಯ ಸೊಕ್ಕಿನ ಹುಡುಗಿಯಾದ ಅವರು, ಅದೇ ವರ್ಷದ 'ಎರಡು ಕನಸು' ಚಿತ್ರದಲ್ಲಿ ಗಂಡನ ಮನಸ್ಸಿಗಾಗಿ ಮೌನವಾಗಿ ಕಾಯುವ ಹೆಂಡತಿ. ಒಂದೇ ವರ್ಷದಲ್ಲಿ ಬಂದ ಈ ಎರಡು ಪಾತ್ರಗಳು ಅವರ ಅಭಿನಯದ ಹರವನ್ನು ತೋರಿಸುತ್ತವೆ. 1986ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಅವರು ತೀರಿಕೊಂಡರು. ನಾಯಕಿಯ ರೂಪದ ಹಂಗಿಲ್ಲದ ಪಾತ್ರಗಳಲ್ಲಿ ಒಬ್ಬ ನಟಿ ಎಷ್ಟು ದೂರ ಹೋಗಬಹುದು ಎಂಬುದನ್ನು ತೋರಿಸಿದವರು ಇವರ ನಂತರ ಬಂದ ಉಮಾಶ್ರೀ.

ರಂಗಭೂಮಿ: 'ಒಡಲಾಳ'ದ ಸಾಕವ್ವ

ಉಮಾಶ್ರೀಯವರ ಸಿನಿಮಾ ಪಾತ್ರಗಳ ಬೇರು ರಂಗಭೂಮಿಯಲ್ಲಿದೆ. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ (ಸಿಜಿಕೆ) ರಂಗಕ್ಕೆ ತಂದಾಗ ಸಾಕವ್ವನ ಪಾತ್ರ ಮಾಡಿದವರು ಇವರು. ಸಾಕವ್ವ ಬಡ ದಲಿತ ಕುಟುಂಬದ ಹಿರಿಯ ಜೀವ. ಕಾಣೆಯಾದ ತನ್ನ ಹುಂಜಕ್ಕಾಗಿ ಅವಳು ಕಂಡವರನ್ನೆಲ್ಲ ಕೇಳುತ್ತ ತಿರುಗುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು, ಸಾಹುಕಾರನ ಕಡೆಯಿಂದ ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಹಸಿವು, ಕಳವಿನ ಭಯ, ನಗು, ಪ್ರೀತಿ ಎಲ್ಲವೂ ಆ ಒಂದು ರಾತ್ರಿಯಲ್ಲಿ ಕಲೆತಿವೆ.

ಹರೆಯದಲ್ಲೇ ಮುದುಕಿಯ ಪಾತ್ರವನ್ನು ಹೊತ್ತ ಉಮಾಶ್ರೀ ಸಾಕವ್ವನ ಸಿಟ್ಟು, ಮಮತೆ, ಹಟಗಳನ್ನು ಒಂದೇ ಉಸಿರಿನಲ್ಲಿ ತಂದರು. ಹುಂಜ ಕಳೆದುಕೊಂಡವಳ ಬೈಗುಳದಲ್ಲಿ ನಗು ತರಿಸುವ ಗುಣವಿದೆ. ಆ ಬೈಗುಳದ ಹಿಂದೆ ಒಂದು ಮನೆಯ ಇಡೀ ಬಡತನವಿದೆ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ಅವರು ಕಲಿತದ್ದು ಇಲ್ಲಿ. ಮುಂದಿನ ನಲವತ್ತು ವರ್ಷಗಳ ಪಾತ್ರಗಳಿಗೆ ಇದೇ ಬುನಾದಿ. ಕತೆ ನಡೆಯುವುದು ಮೈಸೂರು ದಕ್ಷಿಣದ ಕಡೆ, ಆಡುವ ಮಾತೂ ಆ ಕಡೆಯದೇ. ಆದರೆ ಪಾವಗಡ, ಶಿರಾ, ಮಧುಗಿರಿಗಳಲ್ಲಿ ಕಡಲೆಕಾಯಿ ಕಿತ್ತು, ಬಿಡಿಸಿ, ಕೂಲಿ ಎಣಿಸಿಕೊಂಡ ಹೆಂಗಸರಿಗೆ ಆ ಒಲೆಯ ಮುಂದಿನ ರಾತ್ರಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಹಳ ಕಾಲದ ನಂತರ ಅವರು ಬೇಲೂರು ರಘುನಂದನ್ ರಚಿಸಿದ, ಚಿದಂಬರರಾವ್ ಜಂಬೆ ನಿರ್ದೇಶಿಸಿದ 'ಶರ್ಮಿಷ್ಠೆ' ಏಕವ್ಯಕ್ತಿ ನಾಟಕದೊಂದಿಗೆ ಮತ್ತೆ ರಂಗಕ್ಕೆ ಬಂದರು. ಯಯಾತಿಯ ಕತೆಯಲ್ಲಿ ಅಂಚಿಗೆ ಸರಿದುಹೋದ ರಾಜಕುಮಾರಿ ಇಲ್ಲಿ ತನ್ನ ಮಾತನ್ನು ತಾನೇ ಆಡುತ್ತಾಳೆ.

ಹಾಸ್ಯಪಾತ್ರಗಳು

ಕಾಶಿನಾಥ್ ಅವರ 'ಅನುಭವ' (1984) ಉಮಾಶ್ರೀಯವರನ್ನು ಚಿತ್ರಪ್ರೇಕ್ಷಕರಿಗೆ ಪರಿಚಯಿಸಿತು. ಆಮೇಲಿನ ಹದಿನೈದು ವರ್ಷ ಅವರು ಬಿಡುವಿಲ್ಲದ ಹಾಸ್ಯನಟಿ. ಎನ್.ಎಸ್. ರಾವ್ ಅವರೊಂದಿಗಿನ ಜೋಡಿ ಬಹಳ ಜನಪ್ರಿಯವಾಯಿತು. ಬಾಯಿಬಡುಕಿ ಹೆಂಡತಿ, ಜಗಳಗಂಟಿ ನೆರೆಮನೆಯವಳು, ಗಂಡಸರನ್ನು ಆಟ ಆಡಿಸುವ ಜಾಣೆ, ಹೀಗೆ ಕತೆಯ ಮುಖ್ಯ ಹರಿವಿನಿಂದ ಬೇರೆಯಾಗಿ ಬರುತ್ತಿದ್ದ ಹಾಸ್ಯದ ಎಳೆಯಲ್ಲಿ ಅವರಿಗೆ ಪಾತ್ರಗಳು ಸಿಗುತ್ತಿದ್ದವು. ಆ ಕಾಲದ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತು ಹೇರಳವಾಗಿತ್ತು. ಅದರ ಕೆಟ್ಟ ಹೆಸರಿನಲ್ಲಿ ಬರೆದವರಿಗಿಂತ ಹೆಚ್ಚಿನ ಪಾಲು ಆಡಿದ ನಟಿಯ ಮೇಲೆ ಬಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಆ ಪಾತ್ರಗಳನ್ನು ಈಗ ಮತ್ತೆ ನೋಡಿದರೆ ಅವುಗಳೊಳಗಿನ ಕಸುಬು ಕಾಣುತ್ತದೆ. ಮಾತಿನ ಏರಿಳಿತ, ಎದುರಿನವರ ಮಾತು ಮುಗಿಯುವ ಮೊದಲೇ ಬರುವ ಕಣ್ಣಿನ ಉತ್ತರ, ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುವ ಭಂಗಿ, ಇವೆಲ್ಲ ಸಂತೆ, ಬಾವಿಕಟ್ಟೆ, ಜಾತ್ರೆಗಳಿಂದ ಎತ್ತಿಕೊಂಡವು. ತಾಲ್ಲೂಕು ಕೇಂದ್ರಗಳ ಟಾಕೀಸುಗಳಲ್ಲಿ, ಹಳ್ಳಿಯ ಟೆಂಟುಗಳಲ್ಲಿ ಕೂತ ಜನ ನಕ್ಕದ್ದು ತಮ್ಮ ನಡುವಿನ ಹೆಂಗಸೊಬ್ಬಳನ್ನು ಗುರುತು ಹಿಡಿದು. ಮುಂದೆ 'ಕುರಿಗಳು ಸಾರ್ ಕುರಿಗಳು' (2001) ಚಿತ್ರದ ಕಾಲಕ್ಕೂ ಈ ಹಾಸ್ಯದ ಹರಿತ ಮೊಂಡಾಗಿರಲಿಲ್ಲ.

ತಾಯಿ ಮತ್ತು ಅಜ್ಜಿ

ತೊಂಬತ್ತರ ದಶಕದ ನಡುವೆ ಬಂದ ಎರಡು ಚಿತ್ರಗಳು ಹಾಸ್ಯನಟಿ ಎಂಬ ಬೇಲಿಯನ್ನು ಮುರಿದವು.

ಮೊದಲನೆಯದು ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನದ 'ಕೊಟ್ರೇಶಿ ಕನಸು' (1994). ಕುಂ. ವೀರಭದ್ರಪ್ಪನವರ ಕತೆಯನ್ನು ಆಧರಿಸಿದ ಚಿತ್ರ. ದಲಿತ ಹುಡುಗ ಕೊಟ್ರೇಶಿ ಎಸ್ಸೆಸ್ಸೆಲ್ಸಿ ಪಾಸಾಗುತ್ತಾನೆ. ಮುಂದೆ ಓದಬೇಕೆಂಬ ಅವನ ಕನಸಿಗೆ ಊರಿನ ಜಾತಿ, ಬಡತನ, ಕಚೇರಿಗಳ ಬಾಗಿಲು ಎಲ್ಲವೂ ಅಡ್ಡ ನಿಲ್ಲುತ್ತವೆ. ಕೊಟ್ರೇಶಿಯಾದ ವಿಜಯ್ ರಾಘವೇಂದ್ರ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. ಕರಿಬಸವಯ್ಯ ತಂದೆ, ಉಮಾಶ್ರೀ ತಾಯಿ. ಮಗ ಪಾಸಾದ ಹಿಗ್ಗು, ಅದರ ಬೆನ್ನಿಗೇ 'ಮುಂದೇನು' ಎಂಬ ಅಂಜಿಕೆ, ಓದುಬರಹ ಬಾರದ ತಾಯಿಯ ಮುಖದಲ್ಲಿ ಇವೆರಡೂ ಒಟ್ಟಿಗೆ ಬಂದುಹೋಗುತ್ತವೆ. ಈ ಪಾತ್ರಕ್ಕೆ ಬಳ್ಳಾರಿ ಸೀಮೆಯ ಮಾತು ಬೇಕಿತ್ತು. ಹಳೇ ಮೈಸೂರಿನ ನಟಿ ಅದನ್ನು ನಾಲಗೆಗೆ ಒಗ್ಗಿಸಿಕೊಂಡರು. ಮನೆಯಲ್ಲಿ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿ ದಾಟಿದವರಿರುವ ಯಾವ ಹಳ್ಳಿಯ ಮನೆಗೂ ಈ ತಾಯಿ ಹೊರಗಿನವಳಲ್ಲ.

ಎರಡನೆಯದು ವಿ. ರವಿಚಂದ್ರನ್ ಅವರ 'ಪುಟ್ನಂಜ' (1995). ಇದರಲ್ಲಿ ಉಮಾಶ್ರೀ ನಾಯಕನ ಅಜ್ಜಿ ಪುಟ್ಮಲ್ಲಿ. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಹಾಡು, ನೃತ್ಯ, ವೈಭವಗಳ ಜನಪ್ರಿಯ ಚಿತ್ರವೊಂದರಲ್ಲಿ ಬಾಗಿದ ಬೆನ್ನಿನ ಮುದುಕಿ ನಾಯಕ ನಾಯಕಿಯರಷ್ಟೇ ನೆನಪಿನಲ್ಲಿ ಉಳಿದಳು. ಮುದಿತನವನ್ನು ಮೇಕಪ್ಪಿನಿಂದ ತರಬಹುದು. ಆದರೆ ಮೊಮ್ಮಗನ ಮೇಲಿನ ಅಕ್ಕರೆ, ಹಳ್ಳಿಯ ಅಜ್ಜಿಯ ಗಡಸು, ನಡಿಗೆಯ ಆಯಾಸ ಇವು ಒಳಗಿನಿಂದಲೇ ಬರಬೇಕು. ಸಾಕವ್ವನ ಅಭ್ಯಾಸ ಇಲ್ಲಿ ಕೈಹಿಡಿಯಿತು. ರಂಗದ ಮುದುಕಿ ಕೆಲವು ನೂರು ಜನರ ಮುಂದೆ ಅತ್ತಳು, ಪುಟ್ಮಲ್ಲಿ ಇಡೀ ನಾಡನ್ನು ನಗಿಸಿ ಅಳಿಸಿದಳು.

'ಗುಲಾಬಿ ಟಾಕೀಸ್'

ವೈದೇಹಿಯವರ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಕತೆ ಸಣ್ಣ ಊರಿಗೆ ಸಿನಿಮಾ ಟಾಕೀಸು ಬಂದ ಕಾಲದ್ದು. ಕಾಸರವಳ್ಳಿ ಅದನ್ನು ತೊಂಬತ್ತರ ದಶಕದ ಕೊನೆಗೆ, ಕಾರ್ಗಿಲ್ ಯುದ್ಧದ ದಿನಗಳಿಗೆ, ಕುಂದಾಪುರದ ಕಡೆಯ ಮೀನುಗಾರರ ಊರಿಗೆ ತಂದರು. ಟಾಕೀಸಿನ ಜಾಗಕ್ಕೆ ಬಣ್ಣದ ಟಿ.ವಿ. ಬಂತು. ಉಮಾಶ್ರೀಯವರ ಗುಲಾಬಿ ಮುಸ್ಲಿಂ ಸೂಲಗಿತ್ತಿ. ಅವಳಿಗೆ ಸಿನಿಮಾ ಹುಚ್ಚು. ಗಂಡ ಮೂಸಾ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ. ಸಿನಿಮಾ ನೋಡುತ್ತ ಕೂತವಳನ್ನು ಹೆರಿಗೆಗೆಂದು ಎಬ್ಬಿಸಿಕೊಂಡು ಹೋದ ಮನೆಯವರಿಂದ ಅವಳಿಗೆ ಟಿ.ವಿ., ಡಿಶ್ ಆಂಟೆನಾ ದೊರೆಯುತ್ತವೆ. ಗುಲಾಬಿಯ ಮನೆ ಊರ ಹೆಂಗಸರ ಟಾಕೀಸಾಗುತ್ತದೆ.

ಹೊರಗೆ ದೊಡ್ಡ ಯಂತ್ರದೋಣಿಗಳಿಗೂ ಸಣ್ಣ ಮೀನುಗಾರರಿಗೂ ಇರುವ ಹೊಟ್ಟೆಪಾಡಿನ ಜಗಳ ಬರಬರುತ್ತ ಧರ್ಮದ ಜಗಳವಾಗುತ್ತದೆ. ಗುಲಾಬಿಯ ಒಡನಾಡಿ ನೇತ್ರು ಒಂದು ದಿನ ಕಾಣೆಯಾಗುತ್ತಾಳೆ. ತಪ್ಪು ಗುಲಾಬಿಯ ತಲೆಗೆ ಕಟ್ಟಲ್ಪಡುತ್ತದೆ. ಊರಿನ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡವಳನ್ನು ಊರೇ ದೋಣಿ ಹತ್ತಿಸಿ ಹೊರಗೆ ಕಳಿಸುತ್ತದೆ.

ಈ ಪಾತ್ರದಲ್ಲಿ ಉಮಾಶ್ರೀ ತಮ್ಮ ಹಾಸ್ಯವನ್ನು ಬಿಟ್ಟುಕೊಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ತೆರೆಯ ಮುಂದೆ ಕೂತ ಗುಲಾಬಿಯ ಕಣ್ಣಿನ ಬೆಳಕು, ಅವಳ ಸಣ್ಣ ಹಟ, ಮಾತಿನ ಚುರುಕು ಇವೆಲ್ಲ ಹಾಸ್ಯನಟಿಯ ಗಳಿಕೆಗಳೇ. ಅವನ್ನು ಅವರು ಒಬ್ಬಂಟಿ ಹೆಣ್ಣಿನ ಜೀವನಾಸೆಯಾಗಿ ಮಾರ್ಪಡಿಸಿದರು. ಹಾಗಾಗಿಯೇ ಕೊನೆಯ ದಬ್ಬಾಳಿಕೆ ನೋಡುಗರಿಗೆ ತಟ್ಟುತ್ತದೆ. ಹೊರಗೆ ಹಾಕಿಸಿಕೊಂಡದ್ದು ನಮ್ಮೊಂದಿಗೆ ನಕ್ಕವಳು.

2007ನೇ ಸಾಲಿನ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಉಮಾಶ್ರೀ ಶ್ರೇಷ್ಠ ನಟಿ ಎನಿಸಿದರು. ಅವರಿಗಿಂತ ಮೊದಲು ಕನ್ನಡ ಚಿತ್ರಕ್ಕಾಗಿ ಈ ಗೌರವ ಪಡೆದವರು ಗಿರೀಶ್ ಕಾರ್ನಾಡರ 'ಕಾಡು' (1973) ಚಿತ್ರದ ನಂದಿನಿ ಭಕ್ತವತ್ಸಲ ಹಾಗೂ ಕಾಸರವಳ್ಳಿಯವರ 'ಹಸೀನಾ' (2004) ಚಿತ್ರದ ತಾರಾ.

ಪಾವಗಡದ ಸೂಲಗಿತ್ತಿ

ಗುಲಾಬಿಯ ಕಸುಬನ್ನು ಅರಿಯಲು ತುಮಕೂರು ಜಿಲ್ಲೆಯ ಜನ ಕರಾವಳಿಯವರೆಗೆ ಹೋಗಬೇಕಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ (1920–2018) ಸುಮಾರು ಎಪ್ಪತ್ತು ವರ್ಷಗಳ ಅವಧಿಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಯಾವ ಪ್ರತಿಫಲವನ್ನೂ ಕೇಳದೆ ಮಾಡಿಸಿದವರು. ಆಸ್ಪತ್ರೆ, ವಾಹನ ಎರಡೂ ದೂರವಿದ್ದ ಹಳ್ಳಿಗಳಲ್ಲಿ ಬಾಣಂತಿಯ ಜೀವ ಅವರ ಕೈಯಲ್ಲಿತ್ತು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಗುಲಾಬಿಗೆ ನರಸಮ್ಮ ಮಾದರಿಯಲ್ಲ. ಒಬ್ಬಳು ಕತೆಯವಳು, ಒಬ್ಬರು ಬಾಳಿದವರು. ಆದರೆ ಇಬ್ಬರನ್ನೂ ಒಟ್ಟಿಗೆ ನೆನೆದಾಗ ಪಾತ್ರದ ತೂಕ ತಿಳಿಯುತ್ತದೆ. ಯಾವ ಜಾತಿಯ, ಯಾವ ಧರ್ಮದ ಮನೆಯಾದರೂ ಹೆರಿಗೆಯ ಹೊತ್ತಿಗೆ ಸೂಲಗಿತ್ತಿಗೆ ಒಳಮನೆಯ ಬಾಗಿಲು ತೆರೆಯುತ್ತದೆ. ಅಂಥವಳನ್ನು ಊರು ಹೊರಗೆ ಹಾಕಿತೆಂದರೆ ಆ ಊರು ಕಳೆದುಕೊಂಡದ್ದು ಏನು ಎಂಬುದು ನರಸಮ್ಮನವರ ಕೈಯಲ್ಲಿ ಹುಟ್ಟಿದ ಮಕ್ಕಳಿರುವ ಸೀಮೆಗೆ ಚೆನ್ನಾಗಿ ಗೊತ್ತು.

'ಕನಸೆಂಬ ಕುದುರೆಯನೇರಿ' ಮತ್ತು ನಂತರ

ಅಮರೇಶ ನುಗಡೋಣಿಯವರ 'ಸವಾರಿ' ಕತೆಯನ್ನು ಆಧರಿಸಿದ 'ಕನಸೆಂಬ ಕುದುರೆಯನೇರಿ' ಕಾಸರವಳ್ಳಿಯವರೊಂದಿಗಿನ ಇನ್ನೊಂದು ಮುಖ್ಯ ಚಿತ್ರ. ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತರು ಎಂದೇ ಅರ್ಥ. ಒಮ್ಮೆ ಕನಸು ಬೀಳುತ್ತದೆ. ಸಾವಿನ ಸುದ್ದಿ ಬರುವುದಿಲ್ಲ. ದೊಡ್ಡ ಮನೆಯವರು ತಮ್ಮ ಲಾಭಕ್ಕಾಗಿ ಗೌಡರ ಸಾವನ್ನು ಮುಚ್ಚಿಟ್ಟಿದ್ದಾರೆ. ಈರ್ಯಾನ ನಂಬಿಕೆಯ ನೆಲವೇ ಕುಸಿಯುತ್ತದೆ. ವೈಜನಾಥ ಬಿರಾದಾರ ಈರ್ಯಾ, ಉಮಾಶ್ರೀ ಅವನ ಹೆಂಡತಿ ರುದ್ರಿ. ಹಾಸ್ಯಪಾತ್ರಗಳಿಂದ ಹೆಸರಾದ ಇಬ್ಬರು ಕಲಾವಿದರು ಇಲ್ಲಿ ಬಡತನದ ದಾಂಪತ್ಯವೊಂದನ್ನು ಉತ್ತರ ಕರ್ನಾಟಕದ ಮಾತಿನಲ್ಲಿ ಕಟ್ಟಿದ್ದಾರೆ. ಗಂಡ ಕನಸನ್ನು ನಂಬಿದವನು, ಹೆಂಡತಿ ಮನೆಯ ಒಲೆ ಉರಿಸಬೇಕಾದವಳು. ಆದರೂ ಅವನ ನಂಬಿಕೆ ಮುರಿದಾಗ ಅದರ ಪೆಟ್ಟು ಇವಳಿಗೂ ಬೀಳುತ್ತದೆ. ಚಿತ್ರಕ್ಕೆ 57ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರ ಎಂಬ ಮನ್ನಣೆ ಸಂದಿತು.

ರೋಹಿತ್ ಪದಕಿ ನಿರ್ದೇಶನದ 'ರತ್ನನ್ ಪ್ರಪಂಚ' (2021) ಹೊಸ ತಲೆಮಾರಿಗೆ ಉಮಾಶ್ರೀಯವರನ್ನು ಮತ್ತೆ ಪರಿಚಯಿಸಿತು. ಇದರಲ್ಲಿ ಅವರು ನಾಯಕ ರತ್ನಾಕರನನ್ನು ಸಾಕಿದ ತಾಯಿ ಸರೋಜ. ಹೆತ್ತವಳನ್ನು ಹುಡುಕಿ ಹೊರಟ ಮಗನಿಗೆ ಸಾಕಿದವಳ ಬೆಲೆ ತಿಳಿಯುವ ಕತೆ. ಗೊಣಗಾಟ, ಅತಿ ಮುದ್ದು, ಮಗನಿಗೆ ಕಿರಿಕಿರಿ ತರುವ ಕಾಳಜಿ ಇವುಗಳಿಂದ ನಗಿಸುತ್ತಲೇ ಅವರು ಕೊನೆಗೆ ಎದೆ ಭಾರವಾಗಿಸುತ್ತಾರೆ. ಈ ಪಾತ್ರಕ್ಕೆ ಪೋಷಕ ನಟಿ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು.

ಕಿರುತೆರೆಯಲ್ಲಿ, 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಅವರನ್ನು ದಿನನಿತ್ಯ ಮನೆಮನೆಗೂ ತಂದಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಮುದ್ದೆ, ಅನ್ನ, ಸಾರು ಬಡಿಸಿ ಸಂಸಾರ ಎತ್ತಿ ನಿಲ್ಲಿಸಿದ ಹೆಂಗಸರನ್ನು ಕಂಡವರಿಗೆ ಪುಟ್ಟಕ್ಕ ಪರಿಚಿತಳೇ.

ಶಿರಾ ಸೀಮೆಯ ನಿರ್ದೇಶಕ, ಒಂಟಿ ನಟಿಯ ಚಿತ್ರ

ನಟಿಯ ಶಕ್ತಿಯನ್ನು ಅಳೆಯಲು ಇನ್ನೊಂದು ದಾರಿಯನ್ನು ತೋರಿಸಿದವರು ಶಿರಾ ತಾಲ್ಲೂಕಿನ ಬರಗೂರಿನವರಾದ ಸಾಹಿತಿ, ನಿರ್ದೇಶಕ ಬರಗೂರು ರಾಮಚಂದ್ರಪ್ಪ. ಅವರ 'ಶಾಂತಿ' ಚಿತ್ರದಲ್ಲಿ ತೆರೆಯ ಮೇಲೆ ಕಾಣುವುದು ಒಬ್ಬಳೇ ನಟಿ, ಭಾವನಾ. ಈ ಕಾರಣಕ್ಕೆ ಚಿತ್ರ ಗಿನ್ನೆಸ್ ದಾಖಲೆಗೆ ಸೇರಿತು. ಎದುರು ಪಾತ್ರಧಾರಿಯ ಆಸರೆಯಿಲ್ಲದೆ ಇಡೀ ಚಿತ್ರವನ್ನು ಹೊರುವುದು ನಟಿಗೆ ಕಠಿಣ ಪರೀಕ್ಷೆ. ಉಮಾಶ್ರೀ ಅನೇಕ ಚಿತ್ರಗಳಲ್ಲಿ ಅನೇಕ ಹೆಣ್ಣುಗಳಾದರೆ, ಇಲ್ಲಿ ಒಂದೇ ಚಿತ್ರದಲ್ಲಿ ಒಬ್ಬ ಹೆಣ್ಣಿನ ಮನಸ್ಸಿನ ಹಲವು ಪದರಗಳನ್ನು ಒಬ್ಬಳೇ ಬಿಡಿಸಬೇಕಾಯಿತು.

'ಕೆರೆಗೆ ಹಾರ' ಜನಪದ ಕಥನಗೀತೆಯನ್ನು ಆಧರಿಸಿದ ಬರಗೂರರ 'ಭಾಗೀರಥಿ' ಚಿತ್ರದಲ್ಲೂ ಭಾವನಾ ಅವರದೇ ಮುಖ್ಯ ಪಾತ್ರ. ನೀರು ಬಾರದ ಕೆರೆಗೆ ಕಿರಿಯ ಸೊಸೆಯನ್ನು ಬಲಿಕೊಡುವ ಆ ಕತೆಗೆ, ಕೆರೆ ತುಂಬಿತೇ ಇಲ್ಲವೇ ಎಂಬುದರ ಮೇಲೆ ವರ್ಷವನ್ನು ಎಣಿಸುವ ಶಿರಾ, ಮಧುಗಿರಿ, ಕೊರಟಗೆರೆಯ ಹಳ್ಳಿಗಳಲ್ಲಿ ಬೇರೆಯೇ ಅರ್ಥವಿದೆ. ಜನ್ನನ 'ಯಶೋಧರ ಚರಿತೆ'ಯಿಂದ ಹೊರಟ 'ಅಮೃತಮತಿ' ಚಿತ್ರದಲ್ಲಿ ಹರಿಪ್ರಿಯಾ ಅವರು, ಕಾವ್ಯ ಪಾಪಿಯೆಂದು ತೀರ್ಮಾನಿಸಿದ ರಾಣಿಯನ್ನು ಒಳಗಿನ ನೋವುಳ್ಳ ಹೆಣ್ಣಾಗಿ ಕಾಣಿಸಿದರು. ಮೂರೂ ಚಿತ್ರಗಳ ನಡುವೆ ಹೆಣ್ಣಿದ್ದಾಳೆ.

ಸಾರ್ವಜನಿಕ ಜೀವನ

ಉಮಾಶ್ರೀ ಕಾಂಗ್ರೆಸ್ ಪಕ್ಷದಿಂದ ರಾಜಕೀಯಕ್ಕೆ ಬಂದು, 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ರಬಕವಿ–ಬನಹಟ್ಟಿಯಂಥ ನೇಕಾರರ ಊರುಗಳಿರುವ ಕ್ಷೇತ್ರವದು. ಸಿದ್ದರಾಮಯ್ಯನವರ ಸರ್ಕಾರದಲ್ಲಿ (2013–2018) ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ನಿರ್ವಹಿಸಿದರು. 2016ರಲ್ಲಿ ರಾಯಚೂರಿನಲ್ಲಿ ನಡೆದ 82ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬರಗೂರು ರಾಮಚಂದ್ರಪ್ಪನವರು ಅಧ್ಯಕ್ಷರಾಗಿದ್ದಾಗ ನಾಡಿನ ಸಂಸ್ಕೃತಿ ಸಚಿವೆ ಉಮಾಶ್ರೀಯೇ. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಮಹತ್ವ

ಉಮಾಶ್ರೀಯವರ ಪಾತ್ರವೈವಿಧ್ಯವನ್ನು ಎರಡು ಎಳೆಗಳಲ್ಲಿ ಗುರುತಿಸಬಹುದು. ಒಂದು, ಮಾತು. ಸಾಕವ್ವನದು ಮೈಸೂರು ದಕ್ಷಿಣದ ಕನ್ನಡ, ಕೊಟ್ರೇಶಿಯ ತಾಯಿಯದು ಬಳ್ಳಾರಿಯದು, ಗುಲಾಬಿಯದು ಕರಾವಳಿಯದು, ರುದ್ರಿಯದು ಉತ್ತರ ಕರ್ನಾಟಕದ್ದು. ಒಬ್ಬ ನಟಿಯ ನಾಲಗೆಯ ಮೇಲೆ ಕನ್ನಡ ನಾಡಿನ ಇಷ್ಟು ಸೀಮೆಗಳು ಬಂದುಹೋದ ಉದಾಹರಣೆ ವಿರಳ. ಎರಡು, ಕಸುಬು. ಹೆರಿಗೆ ಮಾಡಿಸುವವಳು, ಕುಣಿ ತೋಡುವವನ ಸಂಸಾರ ತೂಗಿಸುವವಳು, ಮೆಸ್ ನಡೆಸುವವಳು, ಕೋಳಿ ಸಾಕಿದವಳು. ಇವರ ಹೆಣ್ಣುಗಳನ್ನು ಮೊದಲು ಅವರ ಕೈಕೆಲಸದಿಂದ ಗುರುತಿಸುತ್ತೇವೆ, ಆಮೇಲೆ ದುಃಖದಿಂದ.

ಹಾಸ್ಯಪಾತ್ರಗಳು ಬೇರೆ, ಗಂಭೀರ ಪಾತ್ರಗಳು ಬೇರೆ ಎಂದು ಇವರ ಅಭಿನಯವನ್ನು ಇಬ್ಭಾಗ ಮಾಡುವ ವಾಡಿಕೆಯಿದೆ. ಪಾತ್ರಗಳನ್ನು ಸಾಲಾಗಿ ನೋಡಿದರೆ ಆ ವಿಂಗಡಣೆ ನಿಲ್ಲುವುದಿಲ್ಲ. ಹುಂಜಕ್ಕಾಗಿ ಬೈದಾಡುವ ಸಾಕವ್ವನಿಂದ ಟಿ.ವಿ.ಯ ಮುಂದೆ ಕಣ್ಣರಳಿಸುವ ಗುಲಾಬಿಯವರೆಗೆ ನಗು, ಅಳು ಎರಡೂ ಒಂದೇ ಒಲೆಯ ಬೆಂಕಿಯಿಂದ ಬಂದವು. ಪಾವಗಡದ ಹೊಲದಿಂದ ಕಡಲೆಕಾಯಿ ಕಿತ್ತು ಸಂಜೆ ಮರಳುವ ಹೆಂಗಸರ ಗುಂಪಿನಲ್ಲೂ ಜೋರು ನಗು, ತಮಾಷೆ, 'ನಾಳೆಗೆ ಏನು' ಎಂಬ ಚಿಂತೆ ಎಲ್ಲವೂ ಜೊತೆಯಾಗಿಯೇ ನಡೆದುಬರುತ್ತವೆ. ಆ ಗುಂಪಿನ ಹೆಣ್ಣನ್ನು ಕನ್ನಡದ ತೆರೆ ಬಹುಕಾಲ ಕತೆಯ ಅಂಚಿನಲ್ಲೇ ನಿಲ್ಲಿಸಿತ್ತು. ಉಮಾಶ್ರೀ ಅವಳ ಕೈಹಿಡಿದು ನಡುಮನೆಗೆ ಕರೆತಂದು ಕೂರಿಸಿದರು.